ಸಿಸ್ಟರ್ ಮಾತಿಗೂ ಬೆಲೆ ಇರಲಿ

‘ಹೆರಿಗೆ ಕೋಣೆಯಲ್ಲಿ ಬೈಯಬಾರದು ಎಂದು ಬರೆದಿದ್ದೀರಿ, ಸರಿ. ರಾತ್ರಿ ಪಾಳಿಯಲ್ಲಿ ನಾಲ್ಕು ಮಂಚಕ್ಕೆ ನಾನೊಬ್ಬಳೇ ಇದ್ದರೆ ಯಾರ ಕೈ ಹಿಡಿದುಕೊಳ್ಳಲಿ? ನಾನು ಏನು ಮಾಡಲಿ ಹೇಳಿ.’
– ಓದುಗರೊಬ್ಬರು, ಸರ್ಕಾರಿ ಆಸ್ಪತ್ರೆಯ ನರ್ಸ್, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಬ್ಬಳಿಗೆ ಮಗುವಿನ ತಲೆ ಕಾಣಿಸಿದೆ, ಇನ್ನೊಬ್ಬಳಿಗೆ ಬಿಪಿ ಏರಿದೆ, ಬಿಹಾರದಿಂದ ಕಟ್ಟಡ ಕೆಲಸಕ್ಕೆ ಬಂದ ಮೂರನೆಯವಳಿಗೆ ನೀವು ಹೇಳೋದು ಒಂದೂ ಅರ್ಥವಾಗುತ್ತಿಲ್ಲ, ಇದರ ಮಧ್ಯೆ ಕೇಸ್ ಶೀಟನ್ನೂ ನೀವೇ ಬರೆಯಬೇಕು. ಅಲ್ಲಿ ದನಿ ಏರಿದರೆ ನನಗೆ ಆಶ್ಚರ್ಯವಿಲ್ಲ.

ಆದರೆ ತೊಡೆಗೆ ಹೊಡೆಯುವುದು, ‘ಆಗ ಗೊತ್ತಾಗಲಿಲ್ವಾ’ ಎಂದು ಹಂಗಿಸುವುದು ಬೇರೆ ಮಾತು. ಅದಕ್ಕೆ ಸುಸ್ತು ಕಾರಣವಲ್ಲ. ಹಿರಿಯರು ಮಾಡಿದ್ದನ್ನು ನೋಡಿ ಕಿರಿಯರು ಕಲಿತದ್ದು, ಅಲ್ವಾ?

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಹೊಟ್ಟೆ ಅದುಮುವುದು ಬೇಡ ಎಂದಿದ್ದಕ್ಕೆ ಡಾಕ್ಟರ್ ‘ನೀನು ನನಗೆ ಕಲಿಸ್ತೀಯಾ’ ಎಂದರಂತೆ. ನೀವು ಹೇಳಿದ್ದೇ ಸರಿ. ಮಗು ಬೇಗ ಬರಲೆಂದು ಹೊಟ್ಟೆ ಒತ್ತಬಾರದು, ಎಲ್ಲರಿಗೂ ಹೆರಿಗೆ ದಾರಿ ಕೊಯ್ದು ಹೊಲಿಗೆ ಹಾಕಬಾರದು, ತಾಯಿ ಬಯಸಿದವರು ಪಕ್ಕದಲ್ಲಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಸರಿ ಯಾವುದೆಂದು ಗೊತ್ತಿದ್ದೂ ಸುಮ್ನೆ ನಿಲ್ಲಬೇಕಾದ ನರ್ಸು ನೋವಿನಲ್ಲಿರುವ ಹೆಂಗಸಿಗೆ ಏನು ಧೈರ್ಯ ಹೇಳುತ್ತಾಳೆ? ತಾಯಿಗೆ ಮರ್ಯಾದೆ ಸಿಗಬೇಕಾದರೆ ಮೊದಲು ಸಿಸ್ಟರ್ ಮಾತು ನಡೆಯಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಸರ್ಕಾರವೇನೂ ಇದನ್ನು ಅಲ್ಲಗಳೆದಿಲ್ಲ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಸೇವೆ ಸುಧಾರಿಸಲೆಂದು ಕೇಂದ್ರ ತಂದ 2017ರ ‘ಲಕ್ಷ್ಯ’ ಕಾರ್ಯಕ್ರಮ ಲೇಬರ್ ರೂಮಿನಲ್ಲಿ ಮರೆ ಇರಬೇಕು, ಜೊತೆಗೊಬ್ಬರು ಇರಬೇಕು ಎನ್ನುತ್ತದೆ. ನರ್ಸುಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರಿಗೇ ಬಿಡಬೇಕು ಎಂದು 2018ರ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅದೇ ವರ್ಷ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂತು, ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ರಾತ್ರಿ ಪಾಳಿಯ ಸಿಸ್ಟರ್ ಮೇಲೂ ಇರಬೇಕಿತ್ತು.

ಸದ್ಯಕ್ಕೆ ನೀವು ಮಾಡಬಹುದಾದದ್ದು ಇಷ್ಟು. ಪರೀಕ್ಷೆ ಮಾಡುವ ಮುಂಚೆ ‘ನೋಡ್ಲಾ ಅಮ್ಮ?’ ಎಂದು ಕೇಳಿ, ಅದಕ್ಕೆ ಹೊತ್ತು ಹಿಡಿಯುವುದಿಲ್ಲ. ಹೊರಗೆ ಕಾಯುತ್ತಿರುವ ಅವಳ ಅಮ್ಮನನ್ನೋ ಅಕ್ಕನನ್ನೋ ಒಳಗೆ ಕರೆಯಿರಿ. ಬೆನ್ನು ನೀವಲು, ನೀರು ಕುಡಿಸಲು, ಅವಳ ಭಾಷೆಯಲ್ಲಿ ಮಾತಾಡಲು ಒಬ್ಬರು ಸಿಕ್ಕ ಹಾಗಾಗುತ್ತದೆ. ಪಾಳಿಗೆ ಇನ್ನೊಬ್ಬ ನರ್ಸ್ ಬೇಕು ಎಂಬುದನ್ನು ಮಾತ್ರ ಬಾಯಲ್ಲಿ ಹೇಳಿ ಬಿಡಬೇಡಿ. ವಾರ್ಡಿನವರೆಲ್ಲ ಸೇರಿ ಸಹಿ ಹಾಕಿ, ಲಕ್ಷ್ಯದ ಹೆಸರು ಹಿಡಿದೇ ಮೇಲಿನವರಿಗೆ ಬರೆದುಕೊಡಿ, ಸ್ವೀಕೃತಿ ಪಡೆಯಿರಿ.