ಮಾಸ್ಕ್ ಇಟ್ಟ ಬೀರುವಿನ ಕೀಲಿ ಯಾರ ಹತ್ತಿರ ಇದೆ?

ಈ ಸಲದ ಪತ್ರಗಳಲ್ಲಿ ನೀರು ಸರಬರಾಜು, ಒಳಚರಂಡಿ ಕೆಲಸದವರದ್ದೇ ಜಾಸ್ತಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಊರು ಮಾತ್ರ ಇದೆ.

ಪ್ರಶ್ನೆ: ಸರ್, ನಾನು ನೀರು ಶುದ್ಧ ಮಾಡುವ ಫಿಲ್ಟರ್ ಹೌಸ್‌ನಲ್ಲಿ ಶಿಫ್ಟ್ ಆಪರೇಟರ್. ತುರ್ತು ಪರಿಸ್ಥಿತಿಯ ತರಬೇತಿ ಅಂತ ಒಂದು ದಿನ ಕೂರಿಸಿದರು. ಸ್ಲೈಡ್ ತೋರಿಸಿದರು, ಊಟ ಹಾಕಿದರು, ಫೋಟೊ ತೆಗೆದು ಸರ್ಟಿಫಿಕೇಟ್ ಕೊಟ್ಟರು. ಕ್ಲೋರಿನ್ ಸೋರಿದರೆ ಏನು ಮಾಡಬೇಕು ಅಂತ ಈಗಲೂ ಗೊತ್ತಿಲ್ಲ. ಸಿಲಿಂಡರ್ ಮೇಲೆ ನೀರು ಬಿಡಿ ಅಂತ ಒಬ್ಬರು, ಬೇಡ ಅಂತ ಇನ್ನೊಬ್ಬರು. – ಹಾಸನ

ಉತ್ತರ: ನೀರು ಬಿಡಬೇಡಿ. ಸೋರುವ ಜಾಗಕ್ಕೆ ನೀರು ತಾಗಿದರೆ ಕ್ಲೋರಿನ್ ಜೊತೆ ಸೇರಿ ಆಸಿಡ್ ಆಗುತ್ತದೆ, ಅದು ಕಬ್ಬಿಣ ತಿಂದು ಸಣ್ಣ ತೂತನ್ನು ದೊಡ್ಡದು ಮಾಡುತ್ತದೆ. ನೀರು ಬೇಕಾಗುವುದು ಕಣ್ಣಿಗೋ ಮೈಗೋ ಗ್ಯಾಸ್ ತಾಗಿದವರಿಗೆ. ಅವರಿಗೆ ಕಾಲು ಗಂಟೆಯಾದರೂ ಬಿಡದೆ ತೊಳೆಯಬೇಕು, ಆಮೇಲೆ ಆಸ್ಪತ್ರೆ.

ಘಾಟು ಬಂದ ತಕ್ಷಣ ಓಡಬೇಕು ನಿಜ, ಆದರೆ ಎಲ್ಲಿಗೆ? ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಗುಂಡಿ, ಚರಂಡಿ, ನೆಲಮಾಳಿಗೆ, ಪಂಪ್ ಇಳಿಸಿದ ಹಳ್ಳ, ಎಲ್ಲಿ ತಗ್ಗಿದೆಯೋ ಅಲ್ಲೇ ಹೋಗಿ ಕೂರುತ್ತದೆ. ಆದ್ದರಿಂದ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ, ದಿಬ್ಬದ ಕಡೆ ಹೋಗಬೇಕು. ಗಾಳಿ ಯಾವ ಕಡೆಯಿಂದ ಅಂತ ಗಾಬರಿಯಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಕ್ಲೋರಿನ್ ರೂಮಿನಿಂದ ಕಾಣುವ ಹಾಗೆ ಒಂದು ಕಂಬಕ್ಕೆ ಬಟ್ಟೆ ಕಟ್ಟಿಡಿ. ಹಳೇ ಪಂಚೆಯ ತುಂಡಾದರೂ ಸಾಕು.

ಒಳಗೆ ಹೋಗಿ ಸರಿಪಡಿಸುವುದು ಬೇರೆ ಮಾತು. ಅದಕ್ಕೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವ ಉಪಕರಣ ಬೇಕು. ಮೂಗಿಗೆ ಹಾಕುವ ಡಬ್ಬಿ ಮಾಸ್ಕ್ ಹೊರಗೆ ಓಡಿಬರಲು ಆಗುತ್ತದೆ, ಗ್ಯಾಸ್ ತುಂಬಿದ ರೂಮಿಗೆ ನುಗ್ಗಲು ಆಗುವುದಿಲ್ಲ. ಯಾವತ್ತೂ ಒಬ್ಬರೇ ಹೋಗಬಾರದು. ಕಡ್ಡಿಗೆ ಬಟ್ಟೆ ಸುತ್ತಿ ಅಮೋನಿಯಾದಲ್ಲಿ ಅದ್ದಿ ಜಾಯಿಂಟಿನ ಹತ್ತಿರ ಹಿಡಿದರೆ, ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ. 900 ಕೆಜಿ ಕ್ಲೋರಿನ್ ಹಿಡಿಯುವ ದೊಡ್ಡ ಸಿಲಿಂಡರ್, ಅಂದರೆ ಟನ್ನರ್ ಆದರೆ ಇನ್ನೊಂದು ವಿಷಯ ಇದೆ. ಮಲಗಿಸಿದ ಟನ್ನರಿಗೆ ಎರಡು ವಾಲ್ವ್, ಒಂದರ ಮೇಲೊಂದು. ಕೆಳಗಿನದ್ದರಲ್ಲಿ ದ್ರವ ಬರುತ್ತದೆ, ಮೇಲಿನದ್ದರಲ್ಲಿ ಗ್ಯಾಸ್. ಒಂದು ಲೀಟರ್ ದ್ರವ ಹೊರಗೆ ಬಂದರೆ ಸುಮಾರು 460 ಲೀಟರ್ ಗ್ಯಾಸ್ ಆಗುತ್ತದೆ! ಹಾಗಾಗಿ ಸೋರುವ ಭಾಗ ಮೇಲೆ ಬರುವಂತೆ ಟನ್ನರನ್ನು ಉರುಳಿಸಿದರೆ ಅರ್ಧ ಗೆದ್ದಂತೆ. ಇದನ್ನು ಸ್ಲೈಡ್ ನೋಡಿ ಕಲಿಯಲು ಸಾಧ್ಯವಾ? ಖಾಲಿ ಟನ್ನರ್ ಇಟ್ಟುಕೊಂಡು, ಮೈಮೇಲೆ ಉಪಕರಣ ಹಾಕಿಕೊಂಡು, ಅಗ್ನಿಶಾಮಕದವರನ್ನು ಕರೆಸಿ, ಕೈಯಾರೆ ಉರುಳಿಸಿ ನೋಡಬೇಕು.

ಮುಂದಿನ ಸಲ ತರಬೇತಿ ಅಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗುವುದರ ಜೊತೆಗೆ ನಿಮ್ಮ ಪ್ಲಾಂಟಿನಲ್ಲೇ ಒಂದು ಡ್ರಿಲ್ ಮಾಡಿಸಿ ಅಂತ ಕೇಳಿ. ಡ್ರಿಲ್ ಅನ್ನು ರಾತ್ರಿ ಶಿಫ್ಟಿನಲ್ಲಿ ಇಡಿ. ಬೆಳಿಗ್ಗೆ ಹನ್ನೊಂದಕ್ಕೆ ಎಂಜಿನಿಯರ್ (ಎಇಇ), ಸ್ಟೋರ್ ಕೀಪರ್ ಎಲ್ಲರೂ ಇರುತ್ತಾರೆ, ಎಲ್ಲವೂ ಚೆನ್ನಾಗಿ ನಡೆಯುತ್ತದೆ. ರಾತ್ರಿ ಎರಡಕ್ಕೆ ಮಾಡಿದರೆ ಮಾಸ್ಕ್ ಇಟ್ಟ ಬೀರುವಿಗೆ ಬೀಗ ಬಿದ್ದಿದೆ, ಕೀಲಿ ಇರುವವರು ಮನೆಯಲ್ಲಿ ಮಲಗಿದ್ದಾರೆ ಅಂತ ಗೊತ್ತಾಗುತ್ತದೆ. ಕೆಲವು ಕಡೆ ಆ ಬೀರು ಕ್ಲೋರಿನ್ ರೂಮಿನ ಒಳಗೇ ಇರುತ್ತದೆ, ಏನು ಹೇಳೋಣ.

ಪ್ರಶ್ನೆ: ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬರುತ್ತದೆ, ಎರಡು ದಿನ ಕರೆಂಟ್ ಇರುವುದಿಲ್ಲ. ಜನ ಫೋನ್ ಮಾಡಿ ಬೈಯುತ್ತಾರೆ. ಮೇಲಿನವರು “ಬ್ಲೀಚಿಂಗ್ ಜಾಸ್ತಿ ಹಾಕಿ ಬಿಟ್ಟುಬಿಡಿ” ಅಂತಾರೆ. ವಾಲ್ವ್ ತಿರುಗಿಸುವವನು ನಾನು. ಬಿಡಬೇಕಾ, ನಿಲ್ಲಿಸಬೇಕಾ? – ಸಕಲೇಶಪುರ

ಉತ್ತರ: ಹೇಮಾವತಿ ಜುಲೈನಲ್ಲಿ ಹೇಗಿರುತ್ತಾಳೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೆಸರು ನೀರಿಗೆ ಬ್ಲೀಚಿಂಗ್ ಸುರಿದರೆ ಆ ಕೆಸರೇ ಕ್ಲೋರಿನ್ ಅನ್ನು ನುಂಗಿಬಿಡುತ್ತದೆ, ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಆರಾಮಾಗಿ ಉಳಿಯುತ್ತವೆ. ಮೊದಲು ಜಾರ್ ಟೆಸ್ಟ್ ಮಾಡಿ (ಜಾಡಿಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡಿ) ಕೆಸರು ಕೂರಿಸುವ ಆಲಂ (ಪಟಿಕ) ಪ್ರಮಾಣ ಸರಿ ಮಾಡಬೇಕು, ನೀರು ತಿಳಿಯಾಗಬೇಕು, ಆಮೇಲೆ ಕ್ಲೋರಿನ್. ಅದು ಬೆರೆತು ಅರ್ಧ ಗಂಟೆ ಆದಮೇಲೆ ಬಿಡಬೇಕು, ಲೈನಿನ ಕೊನೇ ಮನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ವಾಂತಿಭೇದಿ ಕಾಣಿಸಿಕೊಂಡಿದ್ದರೆ 0.5. ಟ್ಯಾಂಕಿನ ಕೆಳಗೆ ಟೆಸ್ಟ್ ಮಾಡಿ ಸರಿ ಇದೆ ಅಂತ ಬರೆದರೆ ಅದು ಸುಮ್ನೆ ಪುಸ್ತಕ ತುಂಬಿಸಿದ ಹಾಗೆ.

ಕರೆಂಟ್ ಬಂದು ಪಂಪ್ ಶುರುವಾದಾಗ ಇನ್ನೊಂದು ಅಪಾಯ. ಖಾಲಿಯಾದ ಪೈಪು ಒಡಕಿನಿಂದ ಪಕ್ಕದ ಚರಂಡಿ ನೀರನ್ನು ಒಳಗೆ ಎಳೆದುಕೊಂಡಿರುತ್ತದೆ. ಮೊದಲು ಬರುವ ನೀರನ್ನು ಪೈಪು ತೊಳೆಯಲು ಇಟ್ಟಿರುವ ವಾಶ್‌ಔಟ್‌ನಲ್ಲಿ ಹೊರಗೆ ಬಿಡಿ.

ನಿಲ್ಲಿಸುವ ಅಧಿಕಾರದ ಮಾತಿಗೆ ಬರೋಣ, ನಿಮ್ಮ ನಿಜವಾದ ಪ್ರಶ್ನೆ ಅದೇ ಅಲ್ವಾ? ಕೆನಡಾದ ಒಂಟಾರಿಯೊದಲ್ಲಿ ವಾಕರ್ಟನ್ ಅಂತ ಸಣ್ಣ ಊರು, ಐದು ಸಾವಿರದಷ್ಟು ಜನ. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂದು ಹೊಲದ ಗೊಬ್ಬರ ಬಾವಿಗೆ ಸೇರಿತು. ನೀರಿನ ಕೆಲಸದವರು ಕ್ಲೋರಿನ್ ಅಳೆಯದೆ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು. ನೀರು ಕೆಟ್ಟಿದೆ ಅಂತ ಮೇ 17ಕ್ಕೆ ಲ್ಯಾಬಿನಿಂದ ವರದಿ ಬಂತು. ಆರೋಗ್ಯ ಇಲಾಖೆಯವರು ಕೇಳಿದರೆ ನೀರು ಚೆನ್ನಾಗಿದೆ ಅಂದರು. ಕೊನೆಗೆ ಇಲಾಖೆಯವರೇ ಮೇ 21ಕ್ಕೆ ನೀರು ಕುದಿಸಿ ಕುಡಿಯಿರಿ ಅಂತ ಸಾರಿದರು. 7 ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ವಿಚಾರಣೆಯಲ್ಲಿ ಆ ಕೆಲಸದವರಿಗೆ ಸರಿಯಾದ ತರಬೇತಿಯೇ ಇರಲಿಲ್ಲ ಅಂತ ಹೊರಬಿತ್ತು. 2004ರಲ್ಲಿ ಅದೇ ಊರಿನಲ್ಲಿ ನೀರಿನ ಕೆಲಸದವರಿಗೆ ತರಬೇತಿ ಕೇಂದ್ರ ಶುರು ಮಾಡಿದರು.

ಹಾಗಾಗಿ ಮಳೆ ಶುರುವಾಗುವ ಮೊದಲೇ ಒಂದು ಸಾಲು ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ: ಇಷ್ಟು ಕೆಸರು ದಾಟಿದರೆ, ಇಲ್ಲ ಕ್ಲೋರಿನ್ ಇಷ್ಟಕ್ಕಿಂತ ಇಳಿದರೆ, ಡ್ಯೂಟಿಯಲ್ಲಿ ಇರುವವರು ಯಾರನ್ನೂ ಕೇಳದೆ ವಾಲ್ವ್ ಮುಚ್ಚಬಹುದು. ಆ ಕಾಗದ ಇಲ್ಲದಿದ್ದರೆ ಬೈಗುಳಕ್ಕೆ ಹೆದರಿ ಕೈ ತಾನಾಗಿ ವಾಲ್ವ್ ತೆರೆಯುತ್ತದೆ. ಅದರ ಜೊತೆಗೇ ಊರಿಗೆ ಹೇಳುವ ಮಾತೂ ಸಿದ್ಧ ಇರಲಿ: ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷವಾದರೂ ಕುದಿಸಿ. ಆಟೋದಲ್ಲಿ ಮೈಕ್ ಕಟ್ಟಿ ಸಾರುವವರು ಯಾರು, ಅವರ ನಂಬರ್ ಏನು ಅಂತ ಮೊದಲೇ ಗೋಡೆಗೆ ಅಂಟಿಸಿ.

ಪ್ರಶ್ನೆ: ನಮ್ಮಪ್ಪ ಯುಜಿಡಿ (ಒಳಚರಂಡಿ) ಕೆಲಸದಲ್ಲಿ ಗುತ್ತಿಗೆ ಮೇಲೆ ಇದ್ದಾರೆ. ಮ್ಯಾನ್‌ಹೋಲ್ ಕಟ್ಟಿಕೊಂಡರೆ “ಎರಡು ನಿಮಿಷ ಇಳಿದು ಬಾ” ಅಂತಾರೆ. ಇಳಿಯುವುದಕ್ಕೆ ತರಬೇತಿ ಕೊಡಿಸಬಹುದಾ? – ಅರಸೀಕೆರೆ

ಉತ್ತರ: ಇಳಿಯುವ ತರಬೇತಿ ಕೇಳಬೇಡಮ್ಮ. ಇಳಿಸುವುದೇ ತಪ್ಪು. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಯಾರನ್ನೂ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಹಾಗಿಲ್ಲ. ಸತ್ತರೆ 30 ಲಕ್ಷ ರೂಪಾಯಿ ಪರಿಹಾರ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀರು ಚಿಮ್ಮಿಸಿ ಕಟ್ಟಿದ್ದನ್ನು ಬಿಡಿಸುವ ಜೆಟ್ಟಿಂಗ್, ಹೀರಿ ತೆಗೆಯುವ ಸಕ್ಕಿಂಗ್ ಮಷಿನ್ ತರಿಸಲಿ. ದೂರಿಗೆ 14420 ಇದೆ.

ಅಪ್ಪನಿಗೆ ಇಷ್ಟು ಮಾತ್ರ ಹೇಳು. ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದದ್ದು ನಿಂತುಹೋದರೆ ಗ್ಯಾಸ್ ಹೋಯಿತು ಅಂತಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ. ಕಡ್ಡಿ ಗೀರಿ ನೋಡುವ ಹಳೇ ಪದ್ಧತಿ ಬೇಡವೇ ಬೇಡ, ಮೀಥೇನ್ ಇದ್ದರೆ ಸಿಡಿಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಹಿಂದೆ ಜಿಗಿಯಬಾರದು. ಎಷ್ಟೋ ಸಲ ಎತ್ತಲು ಹೋದವರೇ ಎರಡನೇ, ಮೂರನೇ ಹೆಣ ಆಗಿದ್ದಾರೆ. 112ಕ್ಕೆ ಫೋನ್ ಮಾಡಿ, ಬ್ಲೋವರ್ ಇದ್ದರೆ ಒಳಗೆ ಗಾಳಿ ಬಿಟ್ಟು, ಜನರನ್ನು ದೂರ ನಿಲ್ಲಿಸಬೇಕು. ತರಬೇತಿ ಬೇಕಿರುವುದು ಇದಕ್ಕೆ. ಅಪ್ಪನಿಗಿಂತ ಮೊದಲು ಅವರ ಮೇಸ್ತ್ರಿಗೆ.

ಪ್ರಶ್ನೆ: ಪಂಚಾಯಿತಿ ನೀರುಗಂಟಿ ನಾನು. ಕ್ಲೋರಿನ್ ಗ್ಯಾಸ್ ಎಲ್ಲ ನಮ್ಮಲ್ಲಿಲ್ಲ, ಬ್ಲೀಚಿಂಗ್ ಪೌಡರ್ ಅಷ್ಟೆ. ನಮಗೂ ತರಬೇತಿ ಬೇಕಾ? – ಆಲೂರು

ಉತ್ತರ: ಬೇಕು. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆಯಲ್ಲ, ಪಂಚಾಯಿತಿ ತರಬೇತಿಗಳನ್ನು ನಡೆಸುವುದು ಅವರೇ, ಪಿಡಿಒ ಮೂಲಕ ಕೇಳಿ. ಅಲ್ಲಿಯವರೆಗೆ ಲೆಕ್ಕ ಇದು: ಒಳ್ಳೆ ಪೌಡರ್ ಆದರೆ ಸಾವಿರ ಲೀಟರಿಗೆ ಸುಮಾರು ಎರಡೂವರೆ ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಬಾಯಿ ಬಿಚ್ಚಿಟ್ಟ, ಗಟ್ಟಿಯಾದ ಹಳೇ ಚೀಲದ ಪೌಡರ್‌ಗೆ ಈ ಲೆಕ್ಕ ನಡೆಯುವುದಿಲ್ಲ, ಅದರಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷೆಯ ಕಿಟ್‌ನಲ್ಲಿ ಬಣ್ಣ ನೋಡಿ. ಬಣ್ಣ ಬರದಿದ್ದರೆ ಹೊಸ ಚೀಲ ಕೇಳಿ.