‘ನಾನು ಬಿಟ್ಟರೆ ಅಪ್ಪನ ದುಡ್ಡು?’: ಒಬ್ಬ ಸ್ಕೇಟರ್ ಹುಡುಗಿಯ ಪ್ರಕರಣ

“ಮೇಡಂ, ನಮ್ಮ ಮಗಳಿಗೆ ಸ್ಕೇಟಿಂಗ್‌ನಲ್ಲಿ ಭವಿಷ್ಯ ಇದೆಯೋ ಇಲ್ಲವೋ, ನೀವೇ ಹೇಳಿಬಿಡಿ. ನಾವು ಬಾಯಿ ತೆರೆದರೆ ಮನೆ ರಣರಂಗವಾಗುತ್ತದೆ.” ಫೋನಿನಲ್ಲಿ ಆ ತಾಯಿ ಆಡಿದ ಮೊದಲ ಮಾತು ಇದು. ನಾನು ಸಲಹೆಗಾರ್ತಿ, ತೀರ್ಪು ಕೊಡುವುದು ನನ್ನ ಕೆಲಸವಲ್ಲ, ಮೂವರೂ ಬಂದರೆ ಕೂತು ಮಾತನಾಡೋಣ ಎಂದೆ.

ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಮಿಷಿಗನ್‌ನಲ್ಲಿ ನೆಲೆಸಿದ ಕುಟುಂಬ. ತಂದೆ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳನ್ನು ಇಂಚರಾ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ, ಬರೆಯಲು ಮೂವರ ಒಪ್ಪಿಗೆಯೂ ಇದೆ. ಅವಳಿಗೆ 17 ವರ್ಷ. ಐದು ವರ್ಷದವಳಿದ್ದಾಗ ಗೆಳತಿಯ ಹುಟ್ಟುಹಬ್ಬಕ್ಕೆಂದು ಐಸ್ ಸ್ಕೇಟಿಂಗ್ ಅಂಗಳಕ್ಕೆ (ರಿಂಕಿಗೆ) ಹೋದವಳು ಮನೆಗೆ ಬರಲೊಲ್ಲೆ ಎಂದು ಹಟ ಹಿಡಿದಳಂತೆ. ಈಗ ಫಿಗರ್ ಸ್ಕೇಟಿಂಗ್‌ನ, ಅಂದರೆ ಐಸ್ ಮೇಲೆ ಜಿಗಿತ, ಸುತ್ತು, ಪಾದಚಲನೆಗಳಿಗೆ ಅಂಕ ಕೊಡುವ ಕ್ರೀಡೆಯ, ಜೂನಿಯರ್ ಹಂತದಲ್ಲಿದ್ದಾಳೆ. ಆದರೆ ಎರಡು ವರ್ಷದಿಂದ ಸೆಕ್ಷನಲ್ (ವಲಯ ಮಟ್ಟದ) ಸ್ಪರ್ಧೆಯ ಪಟ್ಟಿಯ ಕೆಳಭಾಗದಲ್ಲೇ ಉಳಿದಿದ್ದಾಳೆ. ರಾಷ್ಟ್ರೀಯ ಚಾಂಪಿಯನ್‌ಷಿಪ್ ತಲುಪಲು ಅದನ್ನು ದಾಟಲೇಬೇಕು.

ಮೊದಲ ಭೇಟಿಯಲ್ಲಿ ತಂದೆ ಲ್ಯಾಪ್‌ಟಾಪ್ ತೆರೆದರು. ಹನ್ನೆರಡು ವರ್ಷಗಳ ಖರ್ಚು ಸಾಲು ಸಾಲಾಗಿತ್ತು: ಐಸ್ ಬಾಡಿಗೆ, ಕೋಚ್ ಶುಲ್ಕ, ಬೂಟು, ಬ್ಲೇಡ್, ಉಡುಪು, ಹೋಟೆಲ್. ಕಟ್ಟಕಡೆಗೆ ನಿವೃತ್ತಿಯ ಉಳಿತಾಯದ ಮೇಲೆ ತೆಗೆದ ಸಾಲ. ಮಗಳನ್ನು ಅವರು ಬೈಯಲಿಲ್ಲ. “ಇಷ್ಟೆಲ್ಲ ಮಾಡಿ ಅರ್ಧಕ್ಕೆ ಬಿಡುವುದೇ?” ಎಂದು ನನ್ನನ್ನು ಕೇಳಿದರು. ಇಂಚರಾ ಜಾಕೆಟ್ಟಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತ ನೆಲ ನೋಡುತ್ತಿದ್ದಳು.

ಎರಡನೇ ಭೇಟಿಗೆ ಅವಳೊಬ್ಬಳನ್ನೇ ಕರೆದೆ, ಪ್ರೊಟೊಕಾಲ್ ಹಾಳೆಗಳನ್ನು ತರಲು ಹೇಳಿದ್ದೆ. ಯಾವ ಜಿಗಿತಕ್ಕೆ ಎಷ್ಟು ಅಂಕ, ಎಲ್ಲಿ ಕಡಿತ ಎಂಬುದೆಲ್ಲ ಆ ಹಾಳೆಯಲ್ಲಿರುತ್ತದೆ. ಅವಳ ಟ್ರಿಪಲ್ (ಮೂರು ಸುತ್ತಿನ) ಜಿಗಿತಗಳ ಪಕ್ಕದಲ್ಲೆಲ್ಲ ಎಡಕ್ಕೆ ಮೂತಿ ಮಾಡಿದ ಸಣ್ಣ ಬಾಣದ ಗುರುತು. ಗಾಳಿಯಲ್ಲಿನ ಸುತ್ತು ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಕೊರತೆಯಾದಾಗ ಅದನ್ನು ಹಾಕುತ್ತಾರೆ. ಜಿಗಿತದ ಮೂಲ ಅಂಕದಲ್ಲಿ ಐದನೇ ಒಂದು ಪಾಲು ಹೋಗುತ್ತದೆ. 15ನೇ ವಯಸ್ಸಿನವರೆಗಿನ ಹಾಳೆಗಳಲ್ಲಿ ಆ ಗುರುತು ಅಪರೂಪ. ಆಮೇಲೆ ಅವಳು ಎತ್ತರವಾದಳು, ಮೈ ತುಂಬಿತು, ಸುತ್ತುವ ವೇಗ ಕುಗ್ಗಿತು. ಇದು ಬೆಳೆಯುವ ದೇಹದ ಸಹಜ ಲೆಕ್ಕ. ಸೋಮಾರಿತನ ಖಂಡಿತ ಅಲ್ಲ. ಅದೇ ಹಾಳೆಗಳಲ್ಲಿ ಸ್ಟೆಪ್ ಸೀಕ್ವೆನ್ಸ್‌ಗೆ (ಪಾದಚಲನೆಯ ಸರಣಿಗೆ) ನಾಲ್ಕರಲ್ಲಿ ಮೂರನೇ ಲೆವೆಲ್ ಮತ್ತೆ ಮತ್ತೆ ಸಿಕ್ಕಿತ್ತು. ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

“ತೂಕ ಇಳಿಸಿದರೆ ಸುತ್ತು ಬರುತ್ತದಂತೆ, ಆಂಟಿ” ಎಂದಳು. ಏನು ತಿನ್ನುತ್ತೀಯೆ ಎಂದೆ. ಬೆಳಿಗ್ಗೆ ಅರ್ಧ ಬಾಳೆಹಣ್ಣು, ಮಧ್ಯಾಹ್ನ ಸೌತೆಕಾಯಿ. ಅಮ್ಮ ಕಟ್ಟಿಕೊಟ್ಟ ಚಪಾತಿ ಶಾಲೆಯ ಕಸದ ಬುಟ್ಟಿಗೆ. ಮುಟ್ಟು ನಿಂತು ಐದು ತಿಂಗಳಾಗಿತ್ತು. ಎಡ ಮೊಣಕಾಲಿನ ಕೆಳಗೆ ನೋವಿತ್ತು, ಯಾರಿಗೂ ಹೇಳಿರಲಿಲ್ಲ.

ವೃತ್ತಿ, ಭವಿಷ್ಯ ಎಂಬ ಮಾತನ್ನು ನಾನು ಅಲ್ಲಿಗೇ ನಿಲ್ಲಿಸಿದೆ. ದೇಹ ಖರ್ಚು ಮಾಡುವಷ್ಟು ಶಕ್ತಿ ಊಟದಿಂದ ಬರದಿದ್ದರೆ ಮುಟ್ಟು ನಿಲ್ಲಬಹುದು, ಮೂಳೆ ದುರ್ಬಲವಾಗಬಹುದು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲೇ ಎಚ್ಚರಿಸಿದ್ದಾರೆ. ಅಮೆರಿಕದ ಚಾಂಪಿಯನ್ ಆಗಿದ್ದ ಗ್ರೇಸಿ ಗೋಲ್ಡ್ ಊಟದ ಕಾಯಿಲೆ ಮತ್ತು ಖಿನ್ನತೆಗೆ ಚಿಕಿತ್ಸೆ ಪಡೆಯಲು 2017ರಲ್ಲಿ ಸ್ಪರ್ಧೆಯಿಂದ ದೂರ ಸರಿದಿದ್ದರು. ಇಂಚರಾಳ ಒಪ್ಪಿಗೆ ಪಡೆದು, ಅವಳ ಎದುರಿನಲ್ಲೇ ತಾಯಿಗೆ ಎಲ್ಲವನ್ನೂ ತಿಳಿಸಿ, ಕ್ರೀಡಾ ವೈದ್ಯರ ಬಳಿ ಕಳುಹಿಸಿದೆ. ಸ್ಕ್ಯಾನ್‌ನಲ್ಲಿ ಕಾಲಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಹತ್ತು ವಾರ ಐಸ್ ಮೇಲೆ ಕಾಲಿಡುವಂತಿಲ್ಲ ಎಂದರು ವೈದ್ಯರು.

ಆ ಹತ್ತು ವಾರಗಳಲ್ಲೇ ನಿಜವಾದ ಮಾತು ಹೊರಬಂತು. “ನಾನು ಬಿಟ್ಟರೆ ಅಪ್ಪನ ದುಡ್ಡು?” ಎಂದು ಅತ್ತಳು. ಸ್ಕೇಟಿಂಗ್ ಇಷ್ಟವೇ ಎಂದು ಆ ಎರಡು ವರ್ಷದಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ಅವಳು ಸಾಲ ತೀರಿಸುತ್ತಿದ್ದಳು.

ತಂದೆಯೊಂದಿಗೆ ಬಿಚ್ಚಿಯೇ ಮಾತನಾಡಿದೆ. ಖರ್ಚಾದ ಹಣ ಹೋಯಿತು, ಇನ್ನೊಂದು ವರ್ಷ ಸುರಿದರೂ ಮರಳುವುದಿಲ್ಲ, ಆ ಲೆಕ್ಕವನ್ನು ಮಗಳ ಮುಂದೆ ಇನ್ನೆಂದೂ ತೆರೆಯಬೇಡಿ ಎಂದೆ. ತುಂಬ ಹೊತ್ತು ಸುಮ್ಮನಿದ್ದರು. “ನಮ್ಮಪ್ಪ ಎರಡು ಎಕರೆ ಒತ್ತೆ ಇಟ್ಟು ನನ್ನನ್ನು ಓದಿಸಿದರು. ಒಂದೊಂದು ರೂಪಾಯಿಯನ್ನೂ ನಾನು ತೀರಿಸಿದೆ” ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಅಸಮಾಧಾನ ಆ ಕ್ಷಣ ಕರಗಿತು. ತೀರಿಸಿದ ಮಗನಿಗೆ, ತೀರಿಸಬೇಕಿಲ್ಲ ಎಂದು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು ಎಂದೆ. ಮುಂದಿನ ಭೇಟಿಯಲ್ಲಿ, ಮಗಳ ಮುಖ ನೋಡಿ, ಹೇಳಿದರು.

ಭಾರತದ ಪರ ಸ್ಪರ್ಧಿಸಿದರೆ ಹೇಗೆ ಎಂಬ ಆಸೆ ಅವರಿಗಿತ್ತು. ಅಮೆರಿಕದಲ್ಲಿ ಹುಟ್ಟಿದ ಸ್ಕೇಟರ್ ತಾರಾ ಪ್ರಸಾದ್ ಹಾಗೆ ಮಾಡಿದ್ದಾರಲ್ಲ ಎಂದರು. ತಾರಾ ಅದಕ್ಕಾಗಿ ಭಾರತದ ಪೌರತ್ವ ಪಡೆದವರು. ಒಲಿಂಪಿಕ್ಸ್‌ಗೆ ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಗುರುತುಚೀಟಿ) ಸಾಲದು, ಎರಡು ಪೌರತ್ವಕ್ಕೆ ಭಾರತದಲ್ಲಿ ಅವಕಾಶವಿಲ್ಲ. ಮೇಲಾಗಿ ವಿಶ್ವ ಚಾಂಪಿಯನ್‌ಷಿಪ್‌ಗೆ ಕನಿಷ್ಠ ತಾಂತ್ರಿಕ ಅಂಕ ಬೇಕು; ಸುತ್ತು ಕಡಿಮೆಯಾದ ಜಿಗಿತ ಯಾವ ದೇಶದ ಹೆಸರಿನಲ್ಲೂ ಪೂರ್ತಿಯಾಗುವುದಿಲ್ಲ. ತಾಯಿ ಅಮೆರಿಕದ ಸ್ಕೇಟರ್ ಅಲಿಸಾ ಲಿಯು ಅವರ ಉದಾಹರಣೆ ಕೊಟ್ಟರು: 16ಕ್ಕೆ ಬಿಟ್ಟು, ಎರಡು ವರ್ಷದ ನಂತರ ಮರಳಿ, 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್. ಆದರೆ ಲಿಯು 13ಕ್ಕೇ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಅವರಿಂದ ಇಂಚರಾ ಪಡೆಯಬಹುದಾದದ್ದು ಪದಕದ ಆಸೆಯಲ್ಲ, ತನ್ನ ಷರತ್ತಿನ ಮೇಲೆ ಐಸಿಗೆ ಮರಳುವ ಧೈರ್ಯ ಎಂದೆ. ವಯಸ್ಸಾಯಿತು ಎಂಬ ಭಯವೂ ಬೇಡ: ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನೇ 2024–25ರಿಂದ 17ಕ್ಕೆ ಏರಿಸಿದ್ದಾರೆ.

ಹಾಗಾದರೆ ದಾರಿ ಯಾವುದು? ಫಿಗರ್ ಸ್ಕೇಟಿಂಗ್ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಕ್ರೀಡೆಯಲ್ಲ, ಆದ್ದರಿಂದ ಕಾಲೇಜು ವಿದ್ಯಾರ್ಥಿವೇತನವನ್ನು ನಂಬಿ ಕೂರಬೇಡಿ ಎಂದು ಮೊದಲೇ ಹೇಳಿದೆ. ಆದರೆ ಹದಿನಾರು ಮಂದಿ ಒಟ್ಟಾಗಿ ಆಡುವ ಸಿಂಕ್ರೊನೈಸ್ಡ್ ಸ್ಕೇಟಿಂಗ್‌ಗೆ ಬೇಕಿರುವುದು ಅವಳಲ್ಲಿರುವ ಪಾದಚಲನೆಯೇ. ಒಹಾಯೊದ ಮಿಯಾಮಿ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಅಧಿಕೃತ ತಂಡವಿದೆ. ಸಂಗಾತಿ ಇಲ್ಲದೆಯೇ ಸೋಲೊ ಡ್ಯಾನ್ಸ್ ಆಡಬಹುದು. ಡಿಸ್ನಿ ಆನ್ ಐಸ್, ಕ್ರೂಸ್ ಹಡಗಿನ ಪ್ರದರ್ಶನಗಳಿವೆ, ಆದರೆ ಆ ಬಿರುಕು ಕಂಡ ಮೇಲೆ ಅದನ್ನು ನಾನು ಒತ್ತಿ ಹೇಳಲಿಲ್ಲ. ಕೋಚ್ ವೃತ್ತಿಯ ಮಾತು ಬಂದಾಗ ಅವಳ ಮುಖ ಬದಲಾಯಿತು. ಶನಿವಾರ ಚಿಕ್ಕ ಮಕ್ಕಳಿಗೆ ಕಲಿಸಲು ಸಹಾಯ ಮಾಡುತ್ತಿದ್ದಳಂತೆ. ನನ್ನ ಕೋಣೆಯ ಕಾರ್ಪೆಟ್ ಮೇಲೆಯೇ ಕುಕ್ಕರುಗಾಲಿನಲ್ಲಿ ಕೂತು, ಪಕ್ಕಕ್ಕೆ ವಾಲಿ, ಎರಡೂ ಅಂಗೈಗಳನ್ನು ಒಂದೇ ಮಂಡಿಯ ಮೇಲೆ ಒತ್ತಿ ಏಳುವುದನ್ನು ತೋರಿಸಿದಳು. ಐಸ್ ಮೇಲೆ ಬಿದ್ದು ಏಳುವ, ಮೊದಲ ತರಗತಿಯ ಪಾಠ ಅದು.

ಕೊನೆಗೆ ಯೋಜನೆಯನ್ನು ಅವಳೇ ಬರೆದಳು. ವೈದ್ಯರು ಒಪ್ಪಿದರೆ ಮಾತ್ರ ಇನ್ನೊಂದು ಋತು. ಟ್ರಿಪಲ್ ಎರಡೇ. ಹೆಚ್ಚಿನ ಹೊತ್ತು ಸೀನಿಯರ್ ಹಂತದ ಪರೀಕ್ಷೆಗೆ. ಅದು ಸೋಲುಗೆಲುವಿನ ಮೇಲೆ ನಿಂತಿಲ್ಲ, ಪಾಸಾದರೆ ಶಾಶ್ವತ ಅರ್ಹತೆ. ತಂಡವಿರುವ ಮೂರು ಕಾಲೇಜುಗಳಿಗೆ ಅರ್ಜಿ. ತಂದೆಗೊಂದು ಷರತ್ತು: ಕಾರಿನಲ್ಲಿ ಜಿಗಿತದ ಬಗ್ಗೆ ಕೇಳಬಾರದು.

ಕಳೆದ ತಿಂಗಳು ತಾಯಿ ಫೋನ್ ಮಾಡಿದ್ದರು. ಮುಟ್ಟು ಮರಳಿದೆ. ಚಪಾತಿಯನ್ನು ಈಗ ಮನೆಯಲ್ಲೇ, ಅವರ ಮುಂದೆ ಕೂತು ತಿನ್ನುತ್ತಾಳಂತೆ. ತಂದೆ ಮಾತ್ರ ವಾರಕ್ಕೊಮ್ಮೆಯಾದರೂ ಕಾರಿನಲ್ಲಿ ಕೇಳಿಯೇ ಬಿಡುತ್ತಾರೆ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಕಳುಹಿಸಿ ಎಂದಿದ್ದೇನೆ.