ನಲ್ಲಿ ನೀರು ಚೆನ್ನಾಗಿದ್ದರೂ ಕುದಿಸಲೇಬೇಕಾ?

ಹೊಸ ದೇಶ, ಇನ್ನೂ ಎರಡು ತಿಂಗಳು ತುಂಬದ ಮಗು, ಹೇಳಿಕೊಡಲು ಮನೆಯಲ್ಲಿ ದೊಡ್ಡವರಿಲ್ಲ, ಇಲ್ಲಿ ಎಲ್ಲರೂ ನಲ್ಲಿ ನೀರನ್ನೇ ಕುಡಿಯುತ್ತಾರಲ್ವಾ, ಮಗುವಿಗೆ ಡಬ್ಬಿ ಪುಡಿಯ ಹಾಲನ್ನೂ (ಫಾರ್ಮುಲಾ) ಅದರಲ್ಲೇ ಕಲಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾವು ಮಕ್ಕಳನ್ನು ಇಲ್ಲೇ ಬೆಳೆಸಿದವರು, ಹೊಸದಾಗಿ ಬಂದವರು ಇದನ್ನೇ ಕೇಳುತ್ತಿರುತ್ತಾರೆ.

ನೀರು ಚೆನ್ನಾಗಿಯೇ ಇರಬಹುದು. ಚಿಂತೆ ಇರುವುದು ಪುಡಿಯದು. ಸೀಲ್ ಒಡೆಯದ ಡಬ್ಬಿಯಲ್ಲೂ ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಹುದು. ಅಪರೂಪ ನಿಜ, ಆದರೆ ಇಷ್ಟು ಎಳೆ ಮಗುವಿಗೆ ಸೋಂಕು ತಗುಲಿದರೆ ರಕ್ತಕ್ಕೆ, ಮೆದುಳಿಗೆ ಹರಡಿ ಜೀವಕ್ಕೇ ಅಪಾಯ. ಪುಡಿ ಕಲಸುವಾಗ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ್ದು ಇದಕ್ಕೇ. ತಣ್ಣೀರಿನ ನಲ್ಲಿಯಿಂದಲೇ ಹಿಡಿದು ಕುದಿಸಿ, ಅರ್ಧ ಗಂಟೆಯೊಳಗೆ ಬಳಸಿ. ತೊಳೆದು ಕುದಿಸಿದ ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಕಲಸಿದ ಮೇಲೆ ಮುಚ್ಚಿದ ಬಾಟಲಿಯನ್ನು ಹರಿಯುವ ತಣ್ಣೀರಿನಡಿ ಹಿಡಿದು ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದೆರಡು ಹನಿ ಬಿಟ್ಟು ನೋಡಿ, ಬೆಚ್ಚಗಿದ್ದರೆ ಸಾಕು.

ದೇಶ ಬದಲಾದಾಗ ಜನ ನಿಜವಾಗಿ ಎಡವುವುದು ಅಳತೆ ಚಮಚದಲ್ಲಿ. ಕೆಲವು ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಒಂದು ಚಮಚ, ಕೆಲವದರಲ್ಲಿ 60 ಮಿಲಿಗೆ ಒಂದು. ಜೊತೆಗೆ ತಂದ ಡಬ್ಬಿ ಮುಗಿದು ಇಲ್ಲಿಯದನ್ನು ಒಡೆದಾಗ ಹಳೆಯ ಚಮಚ, ಹಳೆಯ ಲೆಕ್ಕ ಎರಡನ್ನೂ ಬಿಟ್ಟುಬಿಡಿ, ಹೊಸ ಡಬ್ಬಿಯ ಮೇಲೆ ಬರೆದದ್ದನ್ನೇ ಓದಿ. ಚಮಚ ಮಟ್ಟವಾಗಿರಲಿ, ಒತ್ತಿ ತುಂಬಬೇಡಿ. ನೀರು ಜಾಸ್ತಿಯಾದರೆ ರಕ್ತದಲ್ಲಿ ಸೋಡಿಯಂ ಇಳಿದು ಮಗುವಿಗೆ ಫಿಟ್ಸ್ ಬರಬಹುದು. ಪುಡಿ ಜಾಸ್ತಿಯಾದರೆ ಮೈಯ ನೀರು ಕಡಿಮೆಯಾಗುತ್ತದೆ. ತಿಂಗಳ ಖರ್ಚು ಎಷ್ಟೇ ಬಿಗಿಯಾಗಿದ್ದರೂ ಹಾಲನ್ನು ಮಾತ್ರ ತೆಳು ಮಾಡಬೇಡಿ.

ಮಗು ಕುಡಿದು ಬಿಟ್ಟ ಹಾಲನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ, ಚೆಲ್ಲಿಬಿಡಿ. ಬಾಯಿ ಹಾಕದಿದ್ದರೂ ಹೊರಗಿಟ್ಟ ಹಾಲು ಎರಡು ಗಂಟೆ ದಾಟಬಾರದು. ರಾತ್ರಿ ನಿದ್ದೆಗಣ್ಣಲ್ಲಿ ಇದೆಲ್ಲ ಕಷ್ಟ, ಗೊತ್ತು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಒಂದೊಂದು ಕಡೆ ಕುದಿಯುವಷ್ಟು ಬಿಸಿ ಉಳಿದು ಮಗುವಿನ ಬಾಯಿ ಸುಡುತ್ತದೆ, ಆ ದಾರಿ ಬೇಡ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದರೆ ಸಿದ್ಧವಾಗಿ ಬರುವ ದ್ರವ ಫಾರ್ಮುಲಾ ಬಗ್ಗೆ ಡಾಕ್ಟರನ್ನು ಕೇಳಿ, ಸೀಲ್ ಒಡೆಯುವವರೆಗೆ ಅದರಲ್ಲಿ ಕ್ರಿಮಿ ಇರುವುದಿಲ್ಲ. ಮಗುವಿಗೆ ಜ್ವರ ಬಂದರೆ, ಹಾಲು ಬಿಟ್ಟು ಮಂಕಾಗಿ ಮಲಗಿದರೆ, ಬೆಳಗಾಗಲಿ ಅಂತ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.